ವಿಜ್ಞಾನದ ತರಗತಿಯಲ್ಲಿ ಬರವಣಿಗೆ ಯಾರ ಹೊಣೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಪ್ರಯೋಗವನ್ನು ಚೆನ್ನಾಗಿಯೇ ಮಾಡುತ್ತಾರೆ. ಬರೆಯಿರಿ ಎಂದರೆ ಗೈಡ್‌ನಲ್ಲಿರುವುದನ್ನು ಇಳಿಸುತ್ತಾರೆ. ಅದನ್ನು ತಿದ್ದುವುದು ಕನ್ನಡ ಮೇಷ್ಟರ ಕೆಲಸವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಬಿ.ಎಡ್.ನಲ್ಲಿ ಹೆಸರು ಕೇಳಿದ್ದ ರೆಟರಿಕ್ (ಕೇಳುಗರನ್ನು, ಓದುಗರನ್ನು ಒಪ್ಪಿಸುವಂತೆ ಹೇಳುವ ಕಲೆ) ಸಿದ್ಧಾಂತಗಳಿಂದ ಇಲ್ಲಿ ಏನಾದರೂ ಪ್ರಯೋಜನವಿದೆಯೆ?
– ಶಿಕ್ಷಕಿ, ಮುಳಬಾಗಿಲು ತಾಲ್ಲೂಕು

ಉತ್ತರ: ಕಾಗುಣಿತವನ್ನು ಕನ್ನಡ ಶಿಕ್ಷಕರಿಗೇ ಬಿಡಿ. ಆದರೆ ವಾದದ ಕೊಂಡಿ ಎಲ್ಲಿ ಕಳಚಿದೆ ಎಂಬುದು ವಿಷಯ ಬಲ್ಲವರ ಕಣ್ಣಿಗೆ ಮಾತ್ರ ಬೀಳುತ್ತದೆ. ದ್ಯುತಿಸಂಶ್ಲೇಷಣೆಯ ಪ್ರಯೋಗವನ್ನೇ ನೋಡಿ. ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಗಿಡವನ್ನು ಬಿಸಿಲಿನಲ್ಲಿಟ್ಟು, ಆಮೇಲೆ ಪತ್ರಹರಿತ್ತು ತೆಗೆದು ಅಯೋಡಿನ್ ಹಾಕಿದ ವಿದ್ಯಾರ್ಥಿ ಹೀಗೆ ಬರೆಯುತ್ತಾನೆ: “ಕಾಗದ ಸುತ್ತಿದ ಭಾಗ ನೀಲಿಗಪ್ಪಾಗಲಿಲ್ಲ, ಆದ್ದರಿಂದ ಗಿಡಕ್ಕೆ ಬೆಳಕು ಬೇಕು.” ವ್ಯಾಕರಣದ ಲೆಕ್ಕದಲ್ಲಿ ಇದರಲ್ಲಿ ತಪ್ಪಿಲ್ಲ. ಆದರೆ ಅಯೋಡಿನ್ ತೋರಿಸುವುದು ಪಿಷ್ಟವನ್ನು, ಗಿಡವನ್ನು ಮೊದಲು ಕತ್ತಲೆಯಲ್ಲಿಟ್ಟು ಹಳೆಯ ಪಿಷ್ಟವನ್ನು ಕಳೆದಿದ್ದೆವು, ಬಿಸಿಲು ಬಿದ್ದ ಅರ್ಧ ನೀಲಿಗಪ್ಪಾಯಿತು ಎಂಬ ಮೂರು ಮಾತುಗಳು ಬಿಟ್ಟುಹೋಗಿವೆ. ಅವಿಲ್ಲದೆ ‘ಆದ್ದರಿಂದ’ ಎಂಬ ಪದಕ್ಕೆ ಆಧಾರವೇ ಇಲ್ಲ.

ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವನ್ನು ಬಿಡಿಸಿ ತೋರಿಸಿದ್ದು ಇದನ್ನೇ: ಪ್ರತಿಪಾದನೆ, ಅದಕ್ಕೆ ಸಾಕ್ಷಿ, ಎರಡನ್ನೂ ಬೆಸೆಯುವ ಸಮರ್ಥನೆ. ಒಂದು ವಿಷಯದಲ್ಲಿ ಸಲ್ಲುವ ಸಮರ್ಥನೆ ಇನ್ನೊಂದರಲ್ಲಿ ಸಲ್ಲಬೇಕೆಂದಿಲ್ಲ ಎಂದೂ ಅವರು ಹೇಳಿದರು. ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಉದಾಹರಣೆಯನ್ನು ಇಲ್ಲಿಗೆ ಅನ್ವಯಿಸುವುದು), ನಿಗಮನ (ತೀರ್ಮಾನ) ಎಂಬ ನಮ್ಮ ನ್ಯಾಯಶಾಸ್ತ್ರದ ಐದು ಅವಯವಗಳೂ ಈ ಕೆಲಸಕ್ಕೆ ಒದಗುತ್ತವೆ; ಬೆಟ್ಟದ ಹೊಗೆ ಕಂಡು ಬೆಂಕಿಯಿದೆ ಎನ್ನುವಾಗ, ಹೊಗೆಯ ಜೊತೆ ಬೆಂಕಿಯೂ ಇರುವ ಅಡುಗೆಮನೆಯ ಉದಾಹರಣೆ ತರುವುದು ಸಮರ್ಥನೆಗಾಗಿಯೇ.

ಗೈಡ್‌ನ ಮಾತಿಗೆ ಬೇರೆ ಕಾರಣವಿದೆ. ಇಂಗ್ಲೆಂಡಿನ ಶಾಲೆಗಳ ಬರಹಗಳನ್ನು ಪರಿಶೀಲಿಸಿದ ಶಿಕ್ಷಣ ಸಂಶೋಧಕ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು, ಮಕ್ಕಳ ಬರಹದಲ್ಲಿ ಸುಮಾರು ಅರ್ಧ ಪರೀಕ್ಷಕನಾಗಿ ಕುಳಿತ ಶಿಕ್ಷಕನಿಗೆ ಬರೆದದ್ದು ಎಂದು 1975ರಲ್ಲಿ ತೋರಿಸಿದರು. ಉತ್ತರ ಮೊದಲೇ ಗೊತ್ತಿರುವ ಓದುಗನಿಗೆ ವಿವರಿಸಿ ಹೇಳುವ ಅಗತ್ಯ ಯಾರಿಗೂ ತೋಚುವುದಿಲ್ಲ. ಅರಿಸ್ಟಾಟಲ್‌ನಿಂದ ಹಿಡಿದು ರೆಟರಿಕ್ ಕೇಳುಗನನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬಂದ ಶಾಸ್ತ್ರವಾದ್ದರಿಂದ, ಓದುಗನನ್ನು ಬದಲಿಸಿ ನೋಡಿ. ಕೋಲಾರ ಜಿಲ್ಲೆಯಲ್ಲಿ ಫ್ಲೋರೈಡ್ ಹೊಸ ಮಾತಲ್ಲ. ಕೊಳವೆಬಾವಿಯ ನೀರಿನ ಪರೀಕ್ಷಾ ವರದಿಯೊಂದನ್ನು ಕೊಟ್ಟು, ಅದನ್ನು ಪ್ರಯೋಗ ಪುಸ್ತಕಕ್ಕೆ ಒಮ್ಮೆ, ಗ್ರಾಮ ಪಂಚಾಯಿತಿಗೆ ಅರ್ಜಿಯಾಗಿ ಒಮ್ಮೆ ಬರೆಸಿ. ಮೊದಲನೆಯದರಲ್ಲಿ ನಂಬಿಕೆ ಹುಟ್ಟುವುದು ವಿಧಾನ ಮತ್ತು ಅಳತೆಯಿಂದ. ಎರಡನೆಯದರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯ ಜೊತೆಗೆ ಆ ನೀರನ್ನು ಯಾರು ಕುಡಿಯುತ್ತಾರೆ, ಏನಾಗಬೇಕು ಎಂಬುದೂ ಬೇಕು. ಈ ಅರ್ಜಿಗೆ ಯಾವ ಗೈಡ್‌ನಲ್ಲೂ ಉತ್ತರ ಸಿಗದು.

ಪ್ರಶ್ನೆ: ತರಗತಿ ತುಂಬ ಮಕ್ಕಳಿದ್ದಾರೆ. ಸಮಾಜ ವಿಜ್ಞಾನದಲ್ಲೂ ಹೀಗೆ ಬರೆಸಿದರೆ ತಿದ್ದುವವರು ಯಾರು?
– ಶಿಕ್ಷಕ, ಬಂಗಾರಪೇಟೆ

ಉತ್ತರ: ಬರೆಸಿದ್ದನ್ನೆಲ್ಲ ತಿದ್ದಬೇಕಾಗಿಲ್ಲ. ಬರೆಯುವುದೇ ಕಲಿಯುವ ಒಂದು ಬಗೆ ಎಂದು ಅಮೆರಿಕದ ಬರವಣಿಗೆ ಸಂಶೋಧಕಿ ಜಾನೆಟ್ ಎಮಿಗ್ 1977ರಲ್ಲಿ ವಾದಿಸಿದ್ದರು; ಪಾಠದ ಕೊನೆಯಲ್ಲಿ ಬರೆದ ನಾಲ್ಕು ಸಾಲು ಅಂಕವಿಲ್ಲದೆಯೂ ತನ್ನ ಕೆಲಸ ಮಾಡುತ್ತದೆ. ತಿದ್ದುವಾಗ ಒಂದನ್ನೇ ಹುಡುಕಿ. ಕೆಜಿಎಫ್ ಗಣಿ 2001ರಲ್ಲಿ ಏಕೆ ಮುಚ್ಚಿತು ಎಂದು ಕೇಳಿದರೆ, ಆಳ ಹೆಚ್ಚಿ ಚಿನ್ನಕ್ಕಿಂತ ತೆಗೆಯುವ ಖರ್ಚೇ ಮಿಕ್ಕಿತು ಎಂದು ಎಲ್ಲರೂ ಬರೆಯುತ್ತಾರೆ. ಇದನ್ನು ಯಾವ ದಾಖಲೆಯಿಂದ ಅಥವಾ ಯಾರ ಮಾತಿನಿಂದ ತಿಳಿದೆ ಎಂಬ ಸಾಲು ಇದೆಯೆ ಎಂದಷ್ಟೇ ನೋಡಿ. ಗಣಿಯಲ್ಲಿ ದುಡಿದ ಅಜ್ಜನ ಮಾತೂ ಕಂಪನಿಯ ಲೆಕ್ಕವೂ ಹೊಂದದಿದ್ದರೆ, ಎರಡನ್ನೂ ಬರೆದ ವಿದ್ಯಾರ್ಥಿಗೆ ಅಂಕ ಕಡಿಯಬೇಡಿ.