ಗೋವಾದಲ್ಲಿ ರೇಷನ್ ಅಕ್ಕಿ ಸಿಗುವಾಗ ಹಳೆಯ ಖಾಜನ್ ಗದ್ದೆ (ಮಣ್ಣಿನ ಒಡ್ಡು ಕಟ್ಟಿ ಉಪ್ಪುನೀರು ತಡೆದ ನದಿದಂಡೆಯ ಗದ್ದೆ) ಉಳಿಸಿ ಏನು ಪ್ರಯೋಜನ?

ಕುಮಟಾ ಕಡೆಯವರಿಗೆ ಹೇಳುವುದು ಸುಲಭ: ನಮ್ಮ ಅಘನಾಶಿನಿ ದಂಡೆಯ ಗಜನಿ ಗದ್ದೆ, ಕಗ್ಗ ಭತ್ತ ಇದೆಯಲ್ಲ, ಇಲ್ಲಿ ಮಾಂಡವಿ, ಜುವಾರಿ ದಂಡೆಯಲ್ಲಿ ಅದೇ ಖಾಜನ್ ಗದ್ದೆ, ಕೊರ್ಗುಟ್ ಭತ್ತ. ಉಪ್ಪುನೀರು ನುಗ್ಗಿದರೆ ಸಾಮಾನ್ಯ ತಳಿ ಸುಟ್ಟುಹೋಗುತ್ತದೆ, ಕೊರ್ಗುಟ್ ತಡೆದುಕೊಳ್ಳುತ್ತದೆ. ಇಳುವರಿ ಕಡಿಮೆ, ನಿಜ. ಆದರೆ ಗೋವಾದ ಐಸಿಎಆರ್ ಕೃಷಿ ಸಂಶೋಧನಾ ಸಂಸ್ಥೆ ಕೊಟ್ಟ ಗೋವಾ ಧಾನ್ 1, 2 ತಳಿಗಳೂ ಇದರಿಂದಲೇ ಆಯ್ದವು. ಈ ಬೀಜ ಕಳೆದಿದ್ದರೆ ಅವೂ ಇರುತ್ತಿರಲಿಲ್ಲ.

ಬೀಜ ಒಂದೇ ಸಾಲದು. ಮಾಣಸ್ ಎನ್ನುವ ಮರದ ತೂಬು ನೋಡಿ: ಕಡಲ ಭರತದ ಹೊತ್ತಿಗೆ ನದಿ ನೀರೇ ಒತ್ತಿ ಬಾಗಿಲು ಮುಚ್ಚುತ್ತದೆ, ಇಳಿತಕ್ಕೆ ಒಳಗಿನ ಮಳೆನೀರು ತಳ್ಳಿ ತೆರೆಯುತ್ತದೆ. ಕರೆಂಟಿಲ್ಲ, ಪಂಪಿಲ್ಲ. ಆದರೆ ಮಣ್ಣಿನ ಒಡ್ಡಿನಲ್ಲಿ ಏಡಿ ಕೊರೆದ ಬಿಲಕ್ಕೆ ಮಳೆಗೆ ಮೊದಲೇ ಕೆಸರು ಮೆತ್ತಬೇಕು. ಹಿಂದೆ ಗಾಂವಕರಿ ಪದ್ಧತಿಯಲ್ಲಿ ಊರವರೇ ಕೂಡಿ ಮಾಡುತ್ತಿದ್ದರು. ಈಗ ಒಬ್ಬ ಪಾಳು ಬಿಟ್ಟರೆ ಪಕ್ಕದವರ ಗದ್ದೆಗೂ ಉಪ್ಪು. ಸಿಗಡಿ ದುಡ್ಡಿನಾಸೆಗೆ ಬೇಕಂತಲೇ ಉಪ್ಪುನೀರು ಬಿಡುವವರೂ ಇದ್ದಾರೆ. ಹಾಗಾಗಿ ನನ್ನ ಪ್ರಕಾರ ಮೊದಲ ದುಡ್ಡು ಒಡ್ಡಿಗೆ ಹೋಗಬೇಕು, ಅಕ್ಕಿ ಮೇಳ ಆಮೇಲೆ.

ಮಡಗಾಂವ್ ಕಡೆ ಇದ್ದರೆ ಕೊರ್ಗುಟ್ ಕೆಂಪಕ್ಕಿ ಕೇಳಿ ಕೊಳ್ಳಿ. ಗಂಜಿಗೆ ಬಲು ರುಚಿ, ನೀರು ಮಾತ್ರ ಸ್ವಲ್ಪ ಜಾಸ್ತಿ ಇಡಿ.