ಗಾಳಿಯ ದ್ವೀಪಕ್ಕೆ ಟಿಕೆಟ್ ಕೊಳ್ಳುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜುಲೈ ತಿಂಗಳಲ್ಲಿ ಹತ್ತು ದಿನಗಳ ಮಟ್ಟಿಗೆ ವಿಂಡ್‌ಸರ್ಫಿಂಗ್‌ಗೆಂದು (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ) ರೊಡ್ರಿಗ್ಸ್ ದ್ವೀಪಕ್ಕೆ ಹೋಗಬೇಕೆಂದಿದ್ದೇನೆ. ಮಾರಿಷಸ್‌ವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಪ್ರತ್ಯೇಕವಾಗಿ ಕೊಂಡರೆ ಹಣ ಉಳಿಯುತ್ತದೆ. ಎರಡು ವಿಮಾನಗಳ ನಡುವೆ ಎರಡೂಕಾಲು ಗಂಟೆಯ ಅವಧಿಯಿದೆ. ಇದು ಸಾಕೇ? ನನ್ನ ಬೋರ್ಡ್ ಮತ್ತು ಎರಡು ಹಾಯಿಗಳನ್ನು ಜೊತೆಗೆ ಒಯ್ಯಬಹುದೇ?

ಉತ್ತರ: ಸಾಲದು. ಟಿಕೆಟ್‌ಗಳು ಬೇರೆ ಬೇರೆಯಾಗಿದ್ದಾಗ ನೀವು ಮಾರಿಷಸ್‌ನಲ್ಲಿ ವಲಸೆ ತಪಾಸಣೆ ಮುಗಿಸಿ, ಲಗೇಜ್ ಬರುವವರೆಗೆ ಕಾದು, ಕಸ್ಟಮ್ಸ್ ದಾಟಿ, ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಉದ್ದನೆಯ ಬೋರ್ಡ್ ಚೀಲಗಳು ಸಾಮಾನ್ಯ ಪೆಟ್ಟಿಗೆಗಳ ಜೊತೆ ಬೆಲ್ಟಿನ ಮೇಲೆ ಬಾರದೆ ಬೇರೊಂದು ಬಾಗಿಲಿನಿಂದ, ಅದೂ ತಡವಾಗಿ ಬರುವುದೇ ಹೆಚ್ಚು. ಮೊದಲ ವಿಮಾನ ಒಂದು ಗಂಟೆ ತಡವಾದರೂ ಎರಡನೆಯದು ಕೈತಪ್ಪುತ್ತದೆ. ಆಗ ಎರಡನೆಯ ವಿಮಾನ ಸಂಸ್ಥೆಯ ದೃಷ್ಟಿಯಲ್ಲಿ ನೀವು ವಿಮಾನಕ್ಕೆ ಹಾಜರಾಗದ ಪ್ರಯಾಣಿಕರಷ್ಟೇ. ಅನೇಕ ದರಗಳ ನಿಯಮದಂತೆ ಅದೇ ಟಿಕೆಟ್‌ನ ಮರುಪ್ರಯಾಣವೂ ರದ್ದಾಗಿಬಿಡುತ್ತದೆ. ಇಡೀ ಪ್ರಯಾಣ ಒಂದೇ ಬುಕಿಂಗ್‌ನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಜಾಗ ಮಾಡಿಕೊಡುವ ಹೊಣೆ ಸಂಸ್ಥೆಯದು. ಉಳಿಯುವ ಹಣ ಈ ರಕ್ಷಣೆಯ ಬೆಲೆಗೆ ಸಮನಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಒಂದೇ ಬುಕಿಂಗ್ ಇದ್ದಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ರೊಡ್ರಿಗ್ಸ್ ಮಾರಿಷಸ್‌ನ ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಗೆ ಹಾರುವ ಎಟಿಆರ್ 72 ಎಪ್ಪತ್ತರ ಆಸುಪಾಸಿನಷ್ಟು ಆಸನಗಳ, ಪ್ರೊಪೆಲರ್‌ಗಳಿಂದ ಹಾರುವ ವಿಮಾನ. ಜನ ಹೆಚ್ಚಿರುವ ತಿಂಗಳುಗಳಲ್ಲಿ ಮುಂದಿನ ವಿಮಾನ ತುಂಬಿದ್ದರೆ, ಜಾಗ ಮಾಡಿಕೊಡಬೇಕೆಂಬ ನಿಯಮವಿದ್ದರೂ ನೀವು ಕಾಯಲೇಬೇಕು. ಆದ್ದರಿಂದ ಪ್ರಯಾಣದ ಲೆಕ್ಕವನ್ನು ಮನೆಯಿಂದ ಆರಂಭಿಸದೆ ಕೊನೆಯ ಸಣ್ಣ ವಿಮಾನದಿಂದ ಹಿಂದಕ್ಕೆ ಹಾಕಿಕೊಂಡು ಬನ್ನಿ. ರೊಡ್ರಿಗ್ಸ್ ವಿಮಾನಗಳ ದಿನ, ಹೊತ್ತು ಮತ್ತು ಲಗೇಜ್ ನಿಯಮಗಳನ್ನು ಮೊದಲು ತಿಳಿದುಕೊಂಡು, ಅದರ ಹಿಂದಿನ ರಾತ್ರಿಯನ್ನು ಮಾರಿಷಸ್‌ಗೆ ಮೀಸಲಿಟ್ಟು, ಅನಂತರವೇ ದೂರದ ವಿಮಾನವನ್ನು ಹುಡುಕಿ. ಅಂತರರಾಷ್ಟ್ರೀಯ ವಿಮಾನ ಇಳಿಯುವುದೂ ರೊಡ್ರಿಗ್ಸ್ ವಿಮಾನ ಹೊರಡುವುದೂ ದ್ವೀಪದ ಆಗ್ನೇಯದಲ್ಲಿರುವ ಪ್ಲೇಸಾನ್ಸ್‌ನ ಒಂದೇ ನಿಲ್ದಾಣದಿಂದಾದ್ದರಿಂದ, ಹತ್ತಿರದ ಮಹೆಬೂರ್ ಊರಿನಲ್ಲಿ ತಂಗಿದರೆ ಬೋರ್ಡ್ ಚೀಲವನ್ನು ಹೊತ್ತು ದೂರ ಅಲೆಯುವ ಪ್ರಮೇಯವಿಲ್ಲ.

ಇನ್ನೂ ಒಂದೆರಡು ದಿನ ಬಿಡುವಿದ್ದರೆ ಮಾರಿಷಸ್‌ನ ನೈರುತ್ಯ ತುದಿಯ ಲೆ ಮೋರ್ನ್‌ನಲ್ಲಿ ಕಳೆಯಿರಿ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ರೊಡ್ರಿಗ್ಸ್‌ಗೆ ಒಳ್ಳೆಯ ಗಾಳಿ ತರುವ ಆಗ್ನೇಯ ವಾಣಿಜ್ಯ ಮಾರುತವೇ ಅಲ್ಲಿಯೂ ಬೀಸುತ್ತದೆ. ದಾರಿಯಲ್ಲಿ ಸಿಕ್ಕಿಬಿದ್ದ ದಿನವೂ ನೀರಿಗಿಳಿಯಬಹುದಾದ ತಂಗುದಾಣ ದೊರಕುವುದು ಅಪರೂಪ. ಮಾರಿಷಸ್‌ನಲ್ಲಿ ಅದು ದೊರಕುತ್ತದೆ.

ಬೋರ್ಡ್ ವಿಚಾರದಲ್ಲಿ ಹೆಚ್ಚು ಎಚ್ಚರ ಬೇಕು. ವಿಂಡ್‌ಸರ್ಫಿಂಗ್ ಬೋರ್ಡ್ ಸಾಮಾನ್ಯವಾಗಿ 220ರಿಂದ 250 ಸೆಂಟಿಮೀಟರ್ ಉದ್ದವಿರುತ್ತದೆ. ಮಾಸ್ಟ್ (ಹಾಯಿಯ ಕಂಬ) ಎರಡು ತುಂಡಾಗುತ್ತದೆ, ಬೂಮ್ (ಕೈಯಿಂದ ಹಿಡಿಯುವ ಅಡ್ಡಕೋಲು) ಕುಗ್ಗುತ್ತದೆ, ಹಾಯಿಯನ್ನು ಸುತ್ತಬಹುದು. ಬೋರ್ಡನ್ನು ಮಾತ್ರ ಏನೂ ಮಾಡುವಂತಿಲ್ಲ. ಬಹುತೇಕ ವಿಮಾನ ಸಂಸ್ಥೆಗಳು ಸಾಮಾನ್ಯ ಲಗೇಜ್‌ಗೆ ಉದ್ದ, ಅಗಲ, ಎತ್ತರಗಳನ್ನು ಕೂಡಿಸಿ 158 ಸೆಂಟಿಮೀಟರ್ ಮಿತಿಯನ್ನಿಟ್ಟಿವೆ; ಒಂದು ಚೀಲ 32 ಕಿಲೋಗ್ರಾಂ ಮೀರಿದರೆ ಶುಲ್ಕ ಕೊಟ್ಟರೂ ಸ್ವೀಕರಿಸದಿರುವುದೇ ಹೆಚ್ಚು. ದೊಡ್ಡ ವಿಮಾನ ಒಪ್ಪಿಕೊಂಡ ಬೋರ್ಡನ್ನು ಸಣ್ಣ ವಿಮಾನ ಅದೇ ದಿನ ಒಯ್ಯುತ್ತದೆಂಬ ಭರವಸೆಯಿಲ್ಲ. ಪ್ರಯಾಣಿಕರ ಮತ್ತು ಇಂಧನದ ತೂಕ ಹೆಚ್ಚಾದಾಗ ಭಾರದ ಚೀಲಗಳನ್ನು ಮುಂದಿನ ಹಾರಾಟಕ್ಕೆ ಬಿಡುವುದು ಇಂತಹ ಮಾರ್ಗಗಳಲ್ಲಿ ರೂಢಿಯಲ್ಲಿದೆ. ಅಳತೆ ಮತ್ತು ತೂಕವನ್ನು ಮೊದಲೇ ತಿಳಿಸಿ, ಕೊನೆಯ ಹಂತದ ವಿಮಾನಕ್ಕೂ ಅನ್ವಯಿಸುವಂತೆ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಅದು ಸಿಗದಿದ್ದರೆ ನಿಮ್ಮ ತೂಕಕ್ಕೆ ಹೊಂದುವ ಬೋರ್ಡ್ ಮತ್ತು ಹಾಯಿಗಳು ಆ ದಿನಗಳಲ್ಲಿ ಬಾಡಿಗೆಗೆ ಸಿಗುತ್ತವೆಯೇ ಎಂಬುದನ್ನು ದ್ವೀಪದ ಕೇಂದ್ರದಿಂದ ಖಚಿತಪಡಿಸಿಕೊಂಡ ಮೇಲೆಯೇ ಟಿಕೆಟ್ ಕೊಳ್ಳಿ.

ಪ್ರಶ್ನೆ: ದೂರದ ದ್ವೀಪದಿಂದ ಮರಳುವ ದಿನ ಬೆಳಿಗ್ಗೆಯೂ ಹಾಯಿ ಕಟ್ಟಿ ಆಡಿ, ಮಧ್ಯಾಹ್ನದ ಸಣ್ಣ ವಿಮಾನದಲ್ಲಿ ಹೊರಟು, ಅದೇ ರಾತ್ರಿ ಅಂತರರಾಷ್ಟ್ರೀಯ ವಿಮಾನ ಹಿಡಿಯುವುದು ಸರಿಯೇ?

ಉತ್ತರ: ಹೋಗುವಾಗಿನ ವಿಳಂಬ ಆಟದ ಒಂದು ದಿನವನ್ನು ಕಸಿಯುತ್ತದೆ; ಬರುವಾಗಿನ ವಿಳಂಬ ದುಬಾರಿ ಟಿಕೆಟನ್ನೇ ಕಸಿಯುತ್ತದೆ. ಸಣ್ಣ ದ್ವೀಪದ ನಿಲ್ದಾಣದಲ್ಲಿ ಸಾಮಾನ್ಯವಾಗಿ ಒಂದೇ ರನ್‌ವೇ ಇರುತ್ತದೆ. ನಿಮಗೆ ಪ್ರಿಯವಾದ ಬಿರುಗಾಳಿ ಆ ರನ್‌ವೇಗೆ ಅಡ್ಡಲಾಗಿ ಮಿತಿಮೀರಿ ಬೀಸಿದರೆ ವಿಮಾನ ಇಳಿಯದೆ ಹಿಂತಿರುಗಬೇಕಾಗುತ್ತದೆ. ನೈರುತ್ಯ ಹಿಂದೂ ಮಹಾಸಾಗರದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಚಂಡಮಾರುತದ ಕಾಲದಲ್ಲಂತೂ ನಿಲ್ದಾಣವನ್ನೇ ಮುಚ್ಚುವುದುಂಟು. ಆದ್ದರಿಂದ ಹಿಂದಿನ ದಿನವೇ ದ್ವೀಪ ಬಿಡಿ. ಹಾಯಿ, ವೆಟ್‌ಸೂಟ್‌ಗಳನ್ನು (ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಪೂರ್ತಿ ಒಣಗಿಸಿಯೇ ಕಟ್ಟಬೇಕು. ನೆನೆದ ಸಾಮಗ್ರಿಯ ಹೆಚ್ಚುವರಿ ತೂಕ ತಕ್ಕಡಿಯ ಮುಂದೆ ತೊಂದರೆ ಕೊಡುತ್ತದೆ.

ಪ್ರಶ್ನೆ: ಕೆರಿಬಿಯನ್‌ನ ಬೊನೇರ್‌ಗೆ ನೇರ ವಿಮಾನ ದುಬಾರಿ. ನೆರೆಯ ಕುರಸಾವ್ ಮೂಲಕ ಹೋಗುವುದು ಲಾಭವೇ?

ಉತ್ತರ: ಕೈಚೀಲ ಮತ್ತು ಒಂದು ಸಣ್ಣ ಪೆಟ್ಟಿಗೆಯಷ್ಟೇ ಇದ್ದರೆ ಲಾಭ. ಕುರಸಾವ್‌ನಿಂದ ಬೊನೇರ್‌ಗೆ ಅರ್ಧ ಗಂಟೆಗಿಂತ ಕಡಿಮೆ ಹಾರಾಟ. ಆದರೆ ಆ ಮಾರ್ಗದ ವಿಮಾನಗಳು ಬಹಳ ಚಿಕ್ಕವು, ಬೋರ್ಡ್ ಒಯ್ಯಲು ತಕ್ಕವಲ್ಲ. ಬೋರ್ಡ್ ಜೊತೆಗಿದ್ದರೆ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಡುವ ದೊಡ್ಡ ವಿಮಾನವೇ ಲೇಸು. ಅಮೆರಿಕದ ಮೂಲಕ ಹೋಗುವುದಾದರೆ, ನಿಲ್ದಾಣ ಬಿಟ್ಟು ಹೊರಬರದ ಪ್ರಯಾಣಿಕರೂ ಅಲ್ಲಿನ ವಲಸೆ ತಪಾಸಣೆಗೆ ಒಳಪಡಬೇಕು. ಆದ್ದರಿಂದ ವೀಸಾ ಅಥವಾ ಪೂರ್ವಾನುಮತಿ ಕೈಯಲ್ಲಿರಬೇಕು. ಬೊನೇರ್ ನೆದರ್ಲೆಂಡ್ಸ್‌ನ ಭಾಗವಾಗಿದ್ದರೂ ಷೆಂಗೆನ್ ವಲಯಕ್ಕೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಸೇರಿಲ್ಲ ಎಂಬುದನ್ನು ವೀಸಾ ವಿಚಾರಿಸುವಾಗ ಮರೆಯಬಾರದು. ಸೊಂಟದಾಳದ ನೀರಿನ ಲಾಕ್ ಕೊಲ್ಲಿಯ ದಡದಲ್ಲೇ ಬಾಡಿಗೆ ಕೇಂದ್ರಗಳಿರುವುದರಿಂದ ಹೆಚ್ಚಿನವರಿಗೆ ಸ್ವಂತ ಬೋರ್ಡ್ ಒಯ್ಯುವ ಅಗತ್ಯವೇ ಇಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಗಾಳಿ ತಗ್ಗುತ್ತದೆ. ಆಗ ಟಿಕೆಟ್ ಅಗ್ಗವಾಗಿ ಸಿಕ್ಕರೂ ಪ್ರಯೋಜನ ಕಡಿಮೆ.

ಪ್ರಶ್ನೆ: ನಾನು ತಲುಪಿ, ಸಾಮಗ್ರಿ ತಲುಪದಿದ್ದರೆ?

ಉತ್ತರ: ನಿಲ್ದಾಣದಿಂದ ಹೊರಬರುವ ಮೊದಲೇ ಲಗೇಜ್ ವಿಭಾಗದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಗೊಂಡ ಲಗೇಜ್ ಬಗ್ಗೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದದ್ದರ ಬಗ್ಗೆ 21 ದಿನಗಳೊಳಗೆ ಲಿಖಿತವಾಗಿ ಪರಿಹಾರ ಕೇಳಬೇಕು. ಹಾರ್ನೆಸ್ (ಹಾಯಿಯ ಎಳೆತವನ್ನು ಮೈಮೇಲೆ ಹೊರಲು ಕಟ್ಟಿಕೊಳ್ಳುವ ಪಟ್ಟಿ), ವೆಟ್‌ಸೂಟ್ ಮತ್ತು ನೀರಿನ ಶೂಗಳನ್ನು ಕೈಚೀಲದಲ್ಲೇ ಇಟ್ಟುಕೊಂಡರೆ ಬಾಡಿಗೆ ಬೋರ್ಡ್ ಹಿಡಿದು ಮೊದಲ ದಿನವೇ ನೀರಿಗಿಳಿಯಬಹುದು. ಬೋರ್ಡಿನ ಅಡಿಗೆ ಸಿಕ್ಕಿಸುವ ರೆಕ್ಕೆಗಳಾದ ಫಿನ್‌ಗಳ ಅಂಚು ಹರಿತವಾಗಿರುವುದರಿಂದ ಭದ್ರತಾ ತಪಾಸಣೆಯಲ್ಲಿ ತಡೆಯುವ ಸಂಭವವಿದೆ. ಅವು ಚೆಕ್-ಇನ್ ಲಗೇಜ್‌ನಲ್ಲೇ ಇರಲಿ.