ಚಾರ್ಜ್: ಒಂದು ಶಬ್ದ, ಹಲವು ಹೇರು

ಪ್ರಶ್ನೆ: ಮೊಬೈಲಿಗೂ ಚಾರ್ಜ್, ಬಸ್ಸಿಗೂ ಚಾರ್ಜ್, ಕೋರ್ಟಿನಲ್ಲೂ ಚಾರ್ಜ್. ಇದೆಂಥ ಶಬ್ದರೀ?
– ಓದುಗರು, ಮುಧೋಳ

ಉತ್ತರ: ಇದರ ಬೇರು ಚಕ್ಕಡಿಯಲ್ಲಿದೆ. ಬಂಡಿಗೆ ಲ್ಯಾಟಿನ್ನಿನಲ್ಲಿ ‘ಕಾರಸ್’; ಅದರಿಂದ ಬಂದ ‘ಹೇರು’ ಎಂಬರ್ಥದ ಕ್ರಿಯಾಪದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಗಾಡಿಗೆ ಕಬ್ಬು ಹೇರಿದಂತೆ ಬ್ಯಾಟರಿಗೆ ವಿದ್ಯುತ್ತು, ಗಿರಾಕಿಗೆ ಶುಲ್ಕ, ಆರೋಪಿಗೆ ಆಪಾದನೆ, ಅಧಿಕಾರಿಗೆ ಹೊಣೆ. ಲಾಠಿ ಚಾರ್ಜಿನಲ್ಲಿ ಮಾತ್ರ ಏರಿಹೋಗುವ ಅರ್ಥ.

ಇಂಗ್ಲಿಷ್ ಬರೆಯುವಾಗ ಬಸ್ ಚಾರ್ಜ್ ಬೇಡ, ‘ಫೇರ್’ ಸರಿ. ಹೆಚ್ಚು ಎಡವುವುದು ‘ದ’ ಎಂಬಲ್ಲಿ: ಮಾಸ್ತರರು ಮಕ್ಕಳ ‘ಇನ್ ಚಾರ್ಜ್ ಆಫ್’, ಮಕ್ಕಳು ಮಾಸ್ತರರ ‘ಇನ್ ದ ಚಾರ್ಜ್ ಆಫ್’. ‘ದ’ ಸೇರಿದರೆ ಕಾಯುವವರೇ ಕಾಯಿಸಿಕೊಳ್ಳುವವರಾಗುತ್ತಾರೆ! ಇನ್ನು ಚಾರ್ಜ್‌ಶೀಟ್ ಪೊಲೀಸರು ಸಲ್ಲಿಸುವಂಥದ್ದು. ಚಾರ್ಜ್ ಫ್ರೇಮ್ ಮಾಡುವುದು, ಅಂದರೆ ಆರೋಪ ನಿಗದಿಪಡಿಸುವುದು, ನ್ಯಾಯಾಲಯ.